ಗಾಡಿ ಕುಣಿಯುವುದೇಕೆ?

ಗಂಗೊಳ್ಳಿ ಬಂದರಿನಿಂದ ಮೀನು ತುಂಬಿಕೊಂಡು ಹೊರಡುವ ಹಳೆಯ ಪಿಕಪ್ ಗಾಡಿಯೊಂದನ್ನು ಗಮನಿಸಿ. ಹೋಗುವಾಗ ಗಂಭೀರವಾಗಿಯೇ ಸಾಗುತ್ತದೆ. ಮೀನು ಇಳಿಸಿ ಖಾಲಿಯಾಗಿ ಮರಳುವಾಗ ಮಾತ್ರ ಹಿಂಭಾಗವನ್ನು ಎತ್ತೆತ್ತಿ ಹಾಕುತ್ತದೆ. ಒಂದು ಗುಂಡಿ ದಾಟಿದರೆ ನಾಲ್ಕು ಬಾರಿ ಕುಣಿತ!

“ಹ್ವಾಯ್, ಎಂತ ಆಯ್ತ್ ಮಾರಾಯ್ರೆ?” ಎಂದು ಗ್ಯಾರೇಜಿನವರು ಕೇಳಿದರೆ “ಸ್ಪ್ರಿಂಗ್ ಹೋಯ್ತ್” ಎಂಬ ಉತ್ತರ ಸಿದ್ಧ. ಆದರೆ ಇಂಥ ಕುಣಿತಕ್ಕೆ ಸಾಮಾನ್ಯ ಕಾರಣ ಸ್ಪ್ರಿಂಗ್ ಅಲ್ಲ, ಅದರ ಜೊತೆಗಾರ ಶಾಕ್ ಅಬ್ಸಾರ್ಬರ್.

ಇವೆರಡರ ಕೆಲಸ ಬೇರೆ ಬೇರೆ. ಭಾರ ಹೊರುವುದು ಸ್ಪ್ರಿಂಗ್. ಹೆಚ್ಚು ಭಾರ ಹೇರಿದಷ್ಟೂ ಸ್ಪ್ರಿಂಗ್ ಹೆಚ್ಚು ಬಾಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಪಿಯುಸಿ ವಿದ್ಯಾರ್ಥಿಗಳಿಗೆ ಇದು ಹೊಸತಲ್ಲ. ಆದರೆ ಬಾಗಿದ ಸ್ಪ್ರಿಂಗ್ ಸುಮ್ಮನಿರುವುದಿಲ್ಲ. ಮೇಲೆ ಕೆಳಗೆ ತೂಗುತ್ತಲೇ ಇರುತ್ತದೆ. ಉಯ್ಯಾಲೆಯಲ್ಲಿ ಕುಳಿತ ಮಗು ಕಾಲನ್ನು ನೆಲಕ್ಕೆ ಉಜ್ಜಿ ಅದನ್ನು ನಿಲ್ಲಿಸುವುದಿಲ್ಲವೇ? ಗಾಡಿಯಲ್ಲಿ ಆ ಕಾಲಿನ ಕೆಲಸ ಮಾಡುವುದೇ ಶಾಕ್ ಅಬ್ಸಾರ್ಬರ್.

ಅದರ ಒಳಗೆ ಎಣ್ಣೆಯಲ್ಲಿ ಮುಳುಗಿದ ಪಿಸ್ಟನ್ ಇರುತ್ತದೆ. ಪಿಸ್ಟನ್ ಚಲಿಸಿದಾಗ ಎಣ್ಣೆ ಕಿರಿದಾದ ರಂಧ್ರಗಳ ಮೂಲಕ ನುಸುಳಬೇಕು. ಸಿರಿಂಜಿನಿಂದ ನೀರನ್ನು ಜೋರಾಗಿ ಒತ್ತಿ ನೋಡಿದವರಿಗೆ ಆ ತಡೆಯ ಅರಿವಿರುತ್ತದೆ. ಕುಣಿತದ ಶಕ್ತಿ ಹೀಗೆ ಶಾಖವಾಗಿ ಬದಲಾಗಿ ಗಾಳಿಗೆ ಸೇರುತ್ತದೆ. ಒಳಗಿನ ಸೀಲು ಸವೆದು ಎಣ್ಣೆ ಸೋರಿತೆಂದರೆ ತಡೆಯೂ ಹೋಯಿತು.

ಕರಾವಳಿಯಲ್ಲಿ ಇದಕ್ಕೆ ಶತ್ರುಗಳು ಹಲವು. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಬೈಂದೂರಿನಿಂದ ಬ್ರಹ್ಮಾವರದವರೆಗೂ ಗಾಳಿಯಲ್ಲಿ ಉಪ್ಪಿನಂಶ. ಮೀನಿನ ಗಾಡಿಯಾದರೆ ಮಂಜುಗಡ್ಡೆಯ ಉಪ್ಪುನೀರು ಚಾಸಿಯ ಮೇಲೆಯೇ ತೊಟ್ಟಿಕ್ಕುತ್ತದೆ. ತುಕ್ಕು ಹಿಡಿದ ಪಿಸ್ಟನ್ ದಂಡ ಸೀಲನ್ನು ಹರಿಯುತ್ತದೆ.

ಪರೀಕ್ಷಿಸುವುದು ಹೇಗೆ? ಗಾಡಿಯ ಹಿಂಭಾಗವನ್ನು ಒತ್ತಿ ಬಿಡುವ ಪದ್ಧತಿ ಕಾರಿಗೆ ಸರಿ. ಪಿಕಪ್ಪಿನ ಬಿರುಸು ಲೀಫ್ ಸ್ಪ್ರಿಂಗಿಗೆ ಅದು ಸಾಲದು. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಇಳಿದ ಗುರುತು, ಟೈರಿನಲ್ಲಿ ಅಲ್ಲಲ್ಲಿ ಬಟ್ಟಲಿನಂಥ ತಗ್ಗು, ಒಡೆದ ರಬ್ಬರ್ ಬುಷ್ – ಇವನ್ನು ನೋಡಬೇಕು.

ಬದಲಿಸುವಾಗ ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸುವುದು ಕ್ರಮ. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ಸಂಜೆಯೇ ಎಣ್ಣೆ ಬಿಟ್ಟರೆ ಬೋಲ್ಟು ತುಂಡಾಗುವ ಭಯ ಕಡಿಮೆ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಆಕ್ಸಲಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಬೇಕು. ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳಬಾರದು. ನಮ್ಮ ಕಡೆ ಕೆಂಪುಕಲ್ಲು ಇಡುವವರೂ ಇದ್ದಾರೆ. ಅದು ಭಾರಕ್ಕೆ ಒಮ್ಮೆಲೇ ಒಡೆದೀತು. ಎಣ್ಣೆಯ ಹೊಸ ಶಾಕ್ ಅಬ್ಸಾರ್ಬರನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಒತ್ತಿ ಎಳೆದರೆ ಒಳಗೆ ಸಿಕ್ಕಿದ ಗಾಳಿ ಮೇಲೇರುತ್ತದೆ. ಚಕ್ರದ ಮೇಲೆ ಗಾಡಿಯ ಭಾರ ಬಿದ್ದ ನಂತರವೇ ಬೋಲ್ಟುಗಳನ್ನು ಪೂರ್ತಿ ಬಿಗಿಯಬೇಕು. ಇಲ್ಲವಾದರೆ ರಬ್ಬರ್ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಅಂದಹಾಗೆ, ತಗ್ಗಿ ಕುಳಿತ ಗಾಡಿ ಹೊಸ ಶಾಕ್ ಅಬ್ಸಾರ್ಬರಿನಿಂದ ಮೇಲೇಳುವುದಿಲ್ಲ. ಅದು ನಿಜವಾಗಿಯೂ ಸ್ಪ್ರಿಂಗಿನ ಸಮಸ್ಯೆ.

ಕುಣಿತವನ್ನು ಸಹಿಸಿಕೊಂಡರೆ ಆಗದೇ? ಆಗದು. ಕುಣಿಯುವ ಚಕ್ರ ಕ್ಷಣಕಾಲ ರಸ್ತೆಯನ್ನು ಬಿಟ್ಟಿರುತ್ತದೆ. ರಸ್ತೆ ಮುಟ್ಟದ ಟೈರಿಗೆ ಬ್ರೇಕ್ ಹಾಕಿ ಏನು ಪ್ರಯೋಜನ? ಮಳೆಗಾಲದ ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಜಾರಲು ಅಷ್ಟು ಸಾಕು. ಅದೇ ಗಾಡಿಯ ಹಿಂದೆ ಮಕ್ಕಳನ್ನು ನಿಲ್ಲಿಸಿ ಶಾಲೆಗೋ ಕ್ರೀಡಾಕೂಟಕ್ಕೋ ಕಳುಹಿಸುವ ಹೆತ್ತವರು ಇದನ್ನು ಯೋಚಿಸಬೇಕು. ಸರಕಿನ ಗಾಡಿ ಇರುವುದು ಸರಕಿಗೆ.

ಗಾಡಿಯ ಹುಚ್ಚಿರುವ ಹುಡುಗರಿಗೂ ಒಂದು ಮಾತು. 1988ರ ಮೋಟಾರು ವಾಹನ ಕಾಯಿದೆಯಂತೆ ಸಾರಿಗೆ ವಾಹನವನ್ನು ರಸ್ತೆಯಲ್ಲಿ ಓಡಿಸಲು 20 ವರ್ಷ ತುಂಬಿರಬೇಕು. ಅಲ್ಲಿಯವರೆಗೆ ಸ್ಟಿಯರಿಂಗ್ ಬೇಡ. ರಜೆಯಲ್ಲೊಂದು ದಿನ ಅಪ್ಪನ ಜೊತೆ ಗ್ಯಾರೇಜಿಗೆ ಹೋಗಿ, ಸ್ಪ್ಯಾನರ್ ಎತ್ತಿಕೊಡುತ್ತಾ ನೋಡಿ. ಪುಸ್ತಕದಲ್ಲಿ ಓದಿದ ಅವಮಂದನ ಅಲ್ಲಿ ಕಣ್ಣಿಗೇ ಕಾಣುತ್ತದೆ.