ಕಡಲಾಚೆಯ ವಿದ್ಯೆಯೂ ಮನೆಯ ವಿಶ್ವಾಸವೂ

ಗಜೇಂದ್ರಗಡದ ಕಡೆಯ ಒಬ್ಬ ಕ್ರೈಸ್ತ ಗೃಹಸ್ಥರ ಮಗಳು ಪದವಿಯ ಪರೀಕ್ಷೆಯನ್ನು ಮುಗಿಸಿ, ಹೆಚ್ಚಿನ ಓದಿಗಾಗಿ ಪರದೇಶಕ್ಕೆ ಹೋಗಬೇಕೆಂದು ಮನಸ್ಸು ಮಾಡಿರುವಳು. ಈ ವಿಷಯವಾಗಿ ಮೊನ್ನೆ ಅವರ ಮನೆಯ ಪಡಸಾಲೆಯಲ್ಲಿ ಕೂಡಿದ ನಾಲ್ಕು ಜನರಲ್ಲಿ ನಾನೂ ಒಬ್ಬನಾಗಿದ್ದೆನು. ಅಲ್ಲಿ ಮೂರು ಮಾತುಗಳು ನನ್ನ ಕಿವಿಗೆ ಬಿದ್ದವು. ಸಭೆಯ ಹಿರಿಯರೊಬ್ಬರು, “ಅಲ್ಲಿಗೆ ಹೋದವರ ಸತ್ಯವೇದವು ಪೆಟ್ಟಿಗೆಯ ತಳದಲ್ಲಿಯೇ ಉಳಿಯುವದು, ವಿದ್ಯೆ ಬಂದೀತು, ವಿಶ್ವಾಸ ಹೋದೀತು” ಎಂದರು. ನೆರೆಯವರಾದ ಪಂಡಿತ ಮಿತ್ರರು ನಕ್ಕು, “ನಿಮ್ಮವರಿಗೆ ಅದು ಪರದೇಶವು ಹೇಗಾದೀತು? ಅದು ನಿಮ್ಮ ಧರ್ಮದ ತವರುಮನೆಯಲ್ಲವೆ?” ಎಂದರು. ಹುಡುಗಿಯ ತಂದೆಯವರಾದರೋ, “ಧರ್ಮದ ಮಾತು ಬಿಡಿರಿ ಸ್ವಾಮೀ, ಸಾಲ ತೀರುವಷ್ಟು ಸಂಬಳ ದೊರಕೀತೋ ಇಲ್ಲವೋ ಅದನ್ನು ಹೇಳಿರಿ” ಎಂದರು.

ಈ ಮೂರೂ ಮಾತುಗಳು ಮೂರು ದಿಕ್ಕಿನಿಂದ ಬಂದವುಗಳಾದರೂ ಮೂರರ ಬೇರೂ ಒಂದೇ ಎಂದು ನನ್ನ ಮತವು. ವಿಶ್ವಾಸವೆಂಬುದು ಯಾವದೋ ಒಂದು ನೆಲಕ್ಕೆ ಕಟ್ಟಿಹಾಕಿದ ಪಶುವೆಂದು ಮೂವರೂ ಭಾವಿಸಿರುವರು. ಹಿರಿಯರ ದೃಷ್ಟಿಯಲ್ಲಿ ಅದು ಇಲ್ಲಿಯ ಗೂಟಕ್ಕೆ ಕಟ್ಟಿದ್ದು, ಪಂಡಿತರ ದೃಷ್ಟಿಯಲ್ಲಿ ಅಲ್ಲಿಯ ಗೂಟಕ್ಕೆ ಕಟ್ಟಿದ್ದು. ತಂದೆಯವರಿಗೆ ಅದು ಎಲ್ಲಿದ್ದರೂ ಚಿಂತೆಯಿಲ್ಲ. ನಾನು ಹೇಳುವದೇನೆಂದರೆ, ವಿಶ್ವಾಸವುಳ್ಳ ವಿದ್ಯಾರ್ಥಿಯು ಪರದೇಶಕ್ಕೆ ಹೋದಾಗಲೇ ತನ್ನ ವಿಶ್ವಾಸದಲ್ಲಿ ದೇವರದೆಷ್ಟು, ಊರ ರೂಢಿಯದೆಷ್ಟು ಎಂಬುದನ್ನು ತೂಗಿ ನೋಡಬಲ್ಲನು. ಹಾಗೆ ತೂಗಿದ ವಿಶ್ವಾಸವೇ ಆಳವಾದುದು. ಇದನ್ನು ಒಂದೊಂದು ಆಕ್ಷೇಪದ ಮುಖಾಂತರ ವಿಚಾರಿಸೋಣ.

ಮೊದಲು ಹಿರಿಯರ ಭಯ. ಈ ಭಯವು ನಮ್ಮ ಸಭೆಗಳಿಗೆ ಮಾತ್ರ ಸೇರಿದುದಲ್ಲ. 1888ರಲ್ಲಿ ಮೋಹನದಾಸ ಗಾಂಧಿಯವರು ಲಂಡನ್ನಿಗೆ ಹೊರಟಾಗ ಅವರ ಜಾತಿಯ ಹಿರಿಯರು ಇದೇ ಮಾತನ್ನು ಆಡಿ ಅವರನ್ನು ಜಾತಿಯಿಂದ ಹೊರಗಿಟ್ಟರು. ಆದರೆ ನಡೆದುದೇನು? ಊರಲ್ಲಿದ್ದಾಗ ಓದದೆ ಉಳಿದ ಭಗವದ್ಗೀತೆಯನ್ನು ಅವರು ಲಂಡನ್ನಿನಲ್ಲಿ, ಇಬ್ಬರು ಥಿಯಾಸಫಿಸ್ಟರ ಒತ್ತಾಯದಿಂದ, ಇಂಗ್ಲೀಷ್ ಅನುವಾದದಲ್ಲಿ ಮೊದಲು ಓದಿದರು. ತಮ್ಮ ಗ್ರಂಥವನ್ನು ತಮ್ಮ ಭಾಷೆಯಲ್ಲಿ ಓದಿಲ್ಲವಲ್ಲಾ ಎಂದು ನಾಚಿದರು. ಯೇಸುಸ್ವಾಮಿಯ ಪರ್ವತಪ್ರಸಂಗವು ಅವರ ಹೃದಯವನ್ನು ಮುಟ್ಟಿದ್ದೂ ಅಲ್ಲಿಯೇ. ಪರಕೀಯನು ಬಂದು “ನಿನ್ನ ಧರ್ಮವೇನು?” ಎಂದು ಕೇಳುವವರೆಗೆ ನಾವು ಆ ಪ್ರಶ್ನೆಯನ್ನು ನಮಗೆ ಕೇಳಿಕೊಳ್ಳುವದಿಲ್ಲ. ಊರಲ್ಲಿ ಯಾರೂ ಕೇಳುವದಿಲ್ಲ. ಎಲ್ಲರಿಗೂ ಉತ್ತರವು ತಿಳಿದಿರುವದೆಂದು ಎಲ್ಲರೂ ನಂಬಿರುವರು.

ಗಾಂಧಿಯವರು ಹಿಂದೂಗಳು, ಅವರ ಮಾತು ನಮಗೆ ಸಲ್ಲದೆಂದರೆ, ನಮ್ಮ ಕನ್ನಡನಾಡಿನ ಸಭೆಯ ಇತಿಹಾಸವನ್ನೇ ತೆರೆಯಿರಿ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣರಾದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಊರೆಲ್ಲ ತಲ್ಲಣಗೊಂಡಿತು. ಎರಡೇ ವರ್ಷಗಳಲ್ಲಿ, 1846ರಲ್ಲಿ, ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ ವಿದ್ಯಾಲಯಕ್ಕೆ ಹೋಗಿ 1851ರ ವರೆಗೆ ಅಲ್ಲಿ ಅಭ್ಯಾಸ ಮಾಡಿದರು. ಪರದೇಶದ ಗಾಳಿಯು ವಿಶ್ವಾಸವನ್ನು ಒಣಗಿಸುವದೇ ನಿಜವಾದರೆ, ನೆಟ್ಟು ಎರಡೇ ವರ್ಷವಾದ ಈ ಸಸಿಯು ಎಲ್ಲಕ್ಕೂ ಮೊದಲು ಒಣಗಬೇಕಾಗಿತ್ತು. ಒಣಗಲಿಲ್ಲ. ಅವರು ಬೋಧಕದೀಕ್ಷೆಯನ್ನು ಪಡೆದು ಮರಳಿದರು. 1893ರಲ್ಲಿ ಕಾಲವಾಗುವ ವರೆಗೆ ನಾಲ್ವತ್ತಕ್ಕೂ ಹೆಚ್ಚು ವರ್ಷ ಈ ನಾಡಿನಲ್ಲಿ ಸೇವೆ ಮಾಡಿದರು.

ಇಲ್ಲಿ ಒಂದು ಸಂಗತಿಯನ್ನು ನಿಂತು ನೋಡತಕ್ಕದ್ದಿದೆ. ಬಾಸೆಲ್ಲಿನ ವಿದ್ಯಾರ್ಥಿಗಳು ಬಹುಮಟ್ಟಿಗೆ ವುರ್ಟೆಂಬರ್ಗ್ ಮೊದಲಾದ ಕಡೆಯ ಒಕ್ಕಲಿಗರ ಮತ್ತು ಕಸಬುದಾರರ ಮಕ್ಕಳಾಗಿದ್ದರು. ಅನುಕೂಲಸ್ಥ ಬ್ರಾಹ್ಮಣ ಮನೆತನದ ತರುಣರು ಅಂಥವರ ನಡುವೆ ಐದು ವರ್ಷ ಕಳೆದರು. ಮುಂದೆ ಕೊಡಗಿನಲ್ಲಿ ತಲೆತಲಾಂತರದಿಂದ ಜೀತದಲ್ಲಿ ನವೆದ ದಲಿತ ಕುಟುಂಬಗಳು ಕ್ರೈಸ್ತರಾದಾಗ, ಅವರು ತಲೆಯೆತ್ತಿ ಬಾಳುವದಕ್ಕಾಗಿ ಆನಂದಪುರವೆಂಬ ಊರು ನಿಂತಿತು. ಅದಕ್ಕೆ ಕೌಂಡಿನ್ಯರು ತಮ್ಮ ಸ್ವಂತ ಹಣವನ್ನು ಹಾಕಿದರು. ಬಾಸೆಲ್ಲಿನ ಪಂಕ್ತಿಯೇ ಈ ಔದಾರ್ಯಕ್ಕೆ ಕಾರಣವೆಂದು ನಾನು ಆಣೆಯಿಟ್ಟು ಹೇಳಲಾರೆನು. ಆದರೆ ಮನೆಯ ಹೊಸ್ತಿಲಲ್ಲಿಯೇ ಉಳಿದವನಿಗೆ, ದೇವರ ಮುಂದೆ ಎಲ್ಲರೂ ಸಮರೆಂಬುದು ಪ್ರಾರ್ಥನೆಯ ಮಾತಾಗಿಯೇ ಉಳಿಯುವದು ಸುಲಭವು. ಹೊಸ್ತಿಲು ದಾಟಿದವನಿಗೆ ಅದು ಊಟದ ತಾಟಿನ ಮಾತಾಗುವದು.

ಆದುದರಿಂದ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟು. ಹೋದವರಲ್ಲಿ ಕೆಲವರ ವಿಶ್ವಾಸವು ಕುಂದಿದ್ದುಂಟು. ಅದನ್ನು ನಾನು ಅಲ್ಲಗಳೆಯುವದಿಲ್ಲ. ಆದರೆ ಅವರೊಳಗೆ ಹಡಗು ಏರುವ ಮೊದಲೇ ಏನಿತ್ತೆಂಬುದನ್ನು ವಿಚಾರಿಸಿದಿರಾ? ಆದಿತ್ಯವಾರದ ಒಳ್ಳೆಯ ಅರಿವೆಯೇ ವಿಶ್ವಾಸವೆಂದು ಮಕ್ಕಳಿಗೆ ಕಲಿಸಿದವರು ನಾವೇ. ಆ ಅರಿವೆಯು ಅಲ್ಲಿಯ ಚಳಿಯನ್ನು ತಡೆಯಲಿಲ್ಲವೆಂದು ಚಳಿಯನ್ನು ಬೈದು ಫಲವೇನು?

ಇನ್ನು ಪಂಡಿತ ಮಿತ್ರರ ನಗೆ. ಇದಕ್ಕೆ ಉತ್ತರವನ್ನು ತುಂಗೆ ಭದ್ರೆಯರ ಉಗಮಸ್ಥಾನದಿಂದಲೇ ತರೋಣ. ಆ ನದಿಗಳು ಹುಟ್ಟುವ ಗಂಗಾಮೂಲದ ಅಡವಿಯ ಆಶ್ರಮದಲ್ಲಿ 1858ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ತಂದೆ ಅನಂತಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಬಂಧುಬಳಗದ ಕೋಪಕ್ಕೆ ಗುರಿಯಾದವರು. ಆ ಮಗುವೇ ಪಂಡಿತಾ ರಮಾಬಾಯಿ. ವಿಧವೆಯಾದ ಮೇಲೆ, 1883ರಲ್ಲಿ, ಎಳೆಯ ಮಗಳು ಮನೋರಮೆಯನ್ನು ಕರಕೊಂಡು ಅವರು ಓದಿಗಾಗಿ ಇಂಗ್ಲಂಡಕ್ಕೆ ಹೋದರು. ಅದೇ ವರ್ಷ ವಾಂಟೇಜಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಇಷ್ಟನ್ನೇ ಕೇಳಿದವರು, “ನೋಡಿರಿ, ಬಿಳಿಯರ ಬಲೆಗೆ ಬಿದ್ದಳು” ಎಂದಾರು. ಮುಂದಿನದನ್ನೂ ಕೇಳಬೇಕು.

ದೀಕ್ಷೆ ಕೊಟ್ಟ ಸಭೆಯ ಗುರುಗಳೂ ಸನ್ಯಾಸಿನಿಯರೂ ತಾವು ಹೇಳಿದ್ದನ್ನೆಲ್ಲ ರಮಾಬಾಯಿಯವರು ಸುಮ್ಮನೆ ಒಪ್ಪಿಯಾರೆಂದು ಎಣಿಸಿದ್ದರು. ರಮಾಬಾಯಿಯವರು ಒಪ್ಪಲಿಲ್ಲ. ಪತ್ರದ ಮೇಲೆ ಪತ್ರ ಬರೆದು ತತ್ತ್ವವನ್ನು ಚರ್ಚಿಸಿದರು. ತಮ್ಮ ಅಂತಃಸಾಕ್ಷಿಯನ್ನು ಯಾವ ಅಧಿಕಾರಿಯ ಕೈಗೂ ಒಪ್ಪಿಸೆನೆಂದರು. ಮಾಂಸಾಹಾರವನ್ನು ಮುಟ್ಟಲಿಲ್ಲ. ಶಿಲುಬೆಯ ಮೇಲೆ ಕೆತ್ತುವ ಅಕ್ಷರಗಳು ಲ್ಯಾಟಿನ್ ಭಾಷೆಯಲ್ಲಿಯೇ ಏಕಿರಬೇಕು, ಸಂಸ್ಕೃತಕ್ಕೇನು ಕೊರತೆ ಎಂದು ಕೇಳಿದರು. ಇದು ತವರುಮನೆಗೆ ಹೋದ ಮಗಳ ಮಾತೋ? ಇಲ್ಲ, ಪರದೇಶದಲ್ಲಿ ನಿಂತು, ತನ್ನ ದೇವರು ಈ ಜನರ ಸ್ವತ್ತಲ್ಲವೆಂದು ಕಂಡುಕೊಂಡವಳ ಮಾತು. ಆದರೆ ಕಲಿಯತಕ್ಕದ್ದನ್ನು ಅವರು ಬಿಡಲೂ ಇಲ್ಲ. ಲಂಡನ್ನಿನ ಫುಲ್ಹಾಮ್ ಎಂಬಲ್ಲಿ, ಸಮಾಜವು ಕೈಬಿಟ್ಟ ಹೆಂಗಸರನ್ನು ಸನ್ಯಾಸಿನಿಯರು ಮರಳಿ ಮನುಷ್ಯರನ್ನಾಗಿ ಆದರಿಸುವದನ್ನು ಕಂಡು ಅವರ ಮನಸ್ಸು ಕರಗಿತು. ಸಮಾರ್ಯದ ಸ್ತ್ರೀಯೊಡನೆ ಯೇಸುಸ್ವಾಮಿಯು ಬಾವಿಯ ಬಳಿ ಮಾತಾಡಿದ ಕಥೆಯ ಅರ್ಥವು ಆಗ ಅವರಿಗೆ ಹೊಳೆಯಿತು. ಅಮೇರಿಕೆಯನ್ನು ಸುತ್ತಿ, ಮರಳಿ ಬಂದು, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಆಮೇಲೆ ಪುಣೆಯ ಕಡೆಯ ಕೇಡಗಾಂವದಲ್ಲಿ ಮುಕ್ತಿ ಸದನವನ್ನು ಕಟ್ಟಿ, ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಆಶ್ರಯವಿತ್ತರು. ಅವರ ಮಗಳು ಮನೋರಮೆಯವರ ದುಡಿಮೆಯಿಂದ ನಮ್ಮ ಕಲಬುರ್ಗಿಯಲ್ಲಿಯೂ ಒಂದು ಶಾಲೆಯು ಹುಟ್ಟಿತು. ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಿಂಜರಿಯುವ ಹಿರಿಯರು ಈ ಕಥೆಯನ್ನು ಎರಡು ಸಲ ಓದಲಿ.

ತವರುಮನೆಯೆಂಬ ಮಾತು ಇತಿಹಾಸಕ್ಕೂ ಒಪ್ಪುವದಿಲ್ಲ. ಯೇಸುಸ್ವಾಮಿಯು ಹುಟ್ಟಿದ ಬೆತ್ಲೆಹೇಮು ಏಷ್ಯಾಖಂಡದ್ದು. ಇಂದು ಯುರೋಪಿಗೆ ಹೋಗುವ ನಮ್ಮ ಹುಡುಗರು ಕಾಣುವದೇನೆಂದರೆ, ಆಕಾಶ ಮುಟ್ಟುವ ದೇವಾಲಯಗಳೊಳಗೆ ಬೆರಳೆಣಿಕೆಯ ಮುದುಕರು. ಕೆಲವು ದೇವಾಲಯಗಳು ಬೇರೆ ಉಪಯೋಗಕ್ಕೆ ಮಾರಿಹೋಗಿರುವವು. ಬೆಟಗೇರಿಯ ನಮ್ಮ ಸಭೆಯ ಬಾಲಕನು ಈ ದೃಶ್ಯವನ್ನು ಕಂಡಾಗ ಮೊದಲು ಬೆದರುವನು. ಆಮೇಲೆ ಅವನಿಗೊಂದು ತಿಳಿವು ಮೂಡುವದು: ತನ್ನ ಅಜ್ಜನಿಗೆ ದೇವರ ಮಾತನ್ನು ಹೇಳಿದ ಜನರೇ ಅದನ್ನು ಮರೆತರೂ ಆ ಮಾತು ಸಾಯಲಿಲ್ಲ, ಇನ್ನು ಅದರ ಭಾರವು ತನ್ನ ಹೆಗಲ ಮೇಲೂ ಇದೆ. ಇಂಥ ಅರಿವು ಊರಲ್ಲಿ ಕುಳಿತವನಿಗೆ ಸುಲಭವಾಗಿ ಬಾರದು.

ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥರ ಜೀವನವು ಇದಕ್ಕೆ ಇನ್ನೊಂದು ನಿದರ್ಶನವು. ಅವರು ಬಾಸೆಲ್ ಮಿಷನ್ನಿನ ಸಭಾಪಾಲಕರ ಮಗ. ಮಂಗಳೂರಲ್ಲಿ, ಬೆಂಗಳೂರಲ್ಲಿ ಓದಿ, ತರುವಾಯ ನ್ಯೂಯಾರ್ಕಿನ ಯೂನಿಯನ್ ಸೆಮಿನರಿಗೂ ಹಾರ್ಟ್‌ಫರ್ಡಿಗೂ ಹೋದರು. ಯಾವ ದೊಡ್ಡ ದೈವಶಾಸ್ತ್ರಜ್ಞರ ಬಳಿ ಕುಳಿತರೂ ಅವರು ತಮ್ಮ ಪ್ರಬಂಧಕ್ಕೆ ಆಯ್ದುಕೊಂಡ ವಿಷಯವು ಆಧುನಿಕ ಹಿಂದೂ ಚಿಂತಕರ ಇತಿಹಾಸದೃಷ್ಟಿ! ಅಮೇರಿಕೆಗೆ ಹೋದ ಮೇಲೆ ಅವರಿಗೆ ನೆರೆಮನೆಯವನ ವಿಚಾರವು ಪರಕೀಯವಾಗಿ ತೋರಲಿಲ್ಲ. ಇನ್ನಷ್ಟು ಹತ್ತಿರವಾಗಿ ತೋರಿತು. ಮರಳಿ ಬಂದು ಮಂಗಳೂರಿನಲ್ಲಿ ಬೋಧಿಸಿದರು. 1971ರಿಂದ 1980ರ ವರೆಗೆ ಜಿನೀವಾದಲ್ಲಿದ್ದು, ಜಗತ್ತಿನ ಸಭೆಗಳ ಒಕ್ಕೂಟವು ಅನ್ಯಧರ್ಮೀಯರೊಡನೆ ನಡೆಸುವ ಸಂವಾದದ ವಿಭಾಗಕ್ಕೆ ಮೊದಲನೆಯ ನಿರ್ದೇಶಕರಾದರು. ಕಾರ್ಕಳದ ಪೇಟೆಯಲ್ಲಿ ಬಸದಿ, ಗುಡಿ, ಇಗರ್ಜಿಗಳನ್ನು ಒಟ್ಟಿಗೆ ಕಂಡ ಹುಡುಗನು ಜಗತ್ತಿಗೆ ನೆರೆಹೊರೆಯ ಧರ್ಮವನ್ನು ಕಲಿಸಿದನು. ಪಂಡಿತ ಮಿತ್ರರೇ, ಹೀಗೆ ಮರಳಿದವನು ನಿಮಗೆ ಇನ್ನಷ್ಟು ದೂರದವನಾದನೋ, ಹತ್ತಿರದವನಾದನೋ?

ಈ ಹಾದಿಯು ಒಂದೇ ಕಡೆಗೆ ಹೋಗುವದೂ ಅಲ್ಲ. ಜರ್ಮನಿಯಿಂದ 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರು ಕಲಿಸುವದಕ್ಕೆಂದು ಬಂದವರು. ಆದರೆ ಕನ್ನಡದ ಪಂಡಿತರ ಮುಂದೆ ವಿದ್ಯಾರ್ಥಿಯಾಗಿ ಕುಳಿತರು. 1862ರ ತಮ್ಮ ‘ಕಥಾಮಾಲೆ’ಯಲ್ಲಿ ಯೇಸುಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಿದರು, 1894ರಲ್ಲಿ ನಿಘಂಟನ್ನು ನಮ್ಮ ಕೈಗಿಟ್ಟರು. ಅವರ ವಿಶ್ವಾಸವನ್ನು ಕನ್ನಡವು ಕೆಡಿಸಲಿಲ್ಲ; ಅದಕ್ಕೆ ಹೊಸ ನಾಲಗೆಯನ್ನು ಕೊಟ್ಟಿತು. ಬಂದವರಿಗೆ ಲಾಭವಾದುದು ಹೋಗುವವರಿಗೆ ನಷ್ಟವಾದೀತೆಂಬುದು ಯಾವ ನ್ಯಾಯ?

ಕೊನೆಗೆ ತಂದೆಯವರ ಮಾತು. ಇವರ ಮೇಲೆ ನನಗೆ ಸಿಟ್ಟಿಲ್ಲ, ಕನಿಕರವಿದೆ. ಸಾಲದ ಭಾರವನ್ನು ಹೊರುವವರು ಅವರು, ನಾನಲ್ಲ. ಆದರೆ ಇಂದು ಹುಬ್ಬಳ್ಳಿಯಂಥ ಊರುಗಳಲ್ಲಿ ವಿದೇಶಶಿಕ್ಷಣದ ದಲ್ಲಾಳಿಗಳು ಹಲಗೆ ತೂಗುಹಾಕಿ ಮಾರುವದು ವಿದ್ಯೆಯನ್ನಲ್ಲ, ವೀಸಾವನ್ನು. ಸಂಬಳವೊಂದನ್ನೇ ಎಣಿಸಿ ಕಳಿಸಿದ ಮಗುವು ಅಲ್ಲಿ ಹಗಲು ಓದಿ, ಇರುಳು ದುಡಿದು, ಆದಿತ್ಯವಾರ ಮಲಗಿ, ತನ್ನ ನೆಲವನ್ನೂ ಆ ನೆಲವನ್ನೂ ಕಾಣದೆ ಹೋಗುವದು. ಅಂಥ ಮಗುವಿನ ವಿಶ್ವಾಸವು ಕುಂದಿದರೆ ಅದು ಪರದೇಶದ ದೋಷವಲ್ಲ, ನಾವು ಕಟ್ಟಿಕೊಟ್ಟ ಬುತ್ತಿಯ ದೋಷವು.

ಗಜೇಂದ್ರಗಡದವರಿಗೆ ಮಗ್ಗದ ಮಾತು ಬೇಗ ತಿಳಿಯುವದು. ಪಟ್ಟೇದ ಅಂಚಿನ ಸೀರೆಯನ್ನು ನೇಯುವಾಗ ಹಾಸು ಬಿಗಿಯಾಗಿರಬೇಕು. ಲಾಳಿಯು ಆಚೆಯ ಅಂಚಿಗೆ ಹೋಗಿ ಈಚೆಗೆ ಮರಳಬೇಕು. ಹಾಸು ಸಡಿಲಾದರೆ ಲಾಳಿಯು ಸಿಕ್ಕಿಬೀಳುವದು. ಲಾಳಿಯು ಮರಳದಿದ್ದರೆ ಬಟ್ಟೆಯೇ ಹುಟ್ಟದು. ಮನೆಯ ಪ್ರಾರ್ಥನೆ, ಕನ್ನಡದ ಓದು, ನೆರೆಯವರ ಧರ್ಮದ ತಿಳಿವಳಿಕೆ, ಇವು ಹಾಸು. ಪರದೇಶದ ವಿದ್ಯೆಯು ಹೊಕ್ಕು. ಮರಳುವದೆಂದರೆ ದೇಹವೇ ಮರಳಬೇಕೆಂದು ನಾನು ಹಟ ಹಿಡಿಯುವದಿಲ್ಲ. ಆದರೆ ಕಲಿತದ್ದು ಮರಳಬೇಕು: ಪತ್ರವಾಗಿ, ಪುಸ್ತಕವಾಗಿ, ಊರ ಸಭೆಯಲ್ಲಿ ಕನ್ನಡದಲ್ಲಿ ಆಡಿದ ಒಂದು ಗಂಟೆಯ ಮಾತಾಗಿಯಾದರೂ.

ಹೋಗದವರು ಕೀಳೆಂದು ಯಾರೂ ತಿಳಿಯಬಾರದು. ಧಾರವಾಡದಲ್ಲಿ ಹುಟ್ಟಿದ ಚನ್ನಪ್ಪ ಉತ್ತಂಗಿಯವರು ಮಂಗಳೂರಿನ ಸೆಮಿನರಿಯಲ್ಲಿ ಕಲಿತು, ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚುಹಾಕಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದರು. ತನ್ನ ಓಣಿಯನ್ನು ದಾಟಿ ನೆರೆಯ ಓಣಿಗೆ ಮನಸ್ಸಿಟ್ಟು ಹೋದವನೂ ದೇಶಾಂತರ ಹೋದವನೇ. ಆದರೆ ಎಲ್ಲರೂ ಉತ್ತಂಗಿಯವರಾಗುವದಿಲ್ಲ. ನಮ್ಮಂಥ ಸಾಮಾನ್ಯರ ಕಣ್ಣಿನ ಪೊರೆ ಹರಿಯಲು ಕೆಲವೊಮ್ಮೆ ಸಮುದ್ರದಷ್ಟು ನೀರು ಬೇಕಾಗುವದು.

ಸಭೆಯ ಹಿರಿಯರೇ, ಹುಡುಗಿಯನ್ನು ತಡೆಯಬೇಡಿರಿ; ಅವಳು ಹೊರಡುವ ಮೊದಲು ಅವಳ ಪ್ರಶ್ನೆಗಳನ್ನು ಕೇಳಿರಿ, ಉತ್ತರವು ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿರಿ. ಪಂಡಿತ ಮಿತ್ರರೇ, ಅವಳ ಕೈಗೆ ವಚನಗಳ ಒಂದು ಪುಸ್ತಕವನ್ನು ನೀವೇ ಕೊಡಿರಿ. ಅದೂ ಅವಳದೇ ಆಸ್ತಿಯು. ತಂದೆಯವರೇ, ಸಾಲದ ಲೆಕ್ಕವನ್ನು ಮಾಡಿರಿ, ಆದರೆ ಲೆಕ್ಕದ ಪುಸ್ತಕವನ್ನು ಸತ್ಯವೇದದ ಮೇಲೆ ಇಡಬೇಡಿರಿ. ತಾಯೀ, ನೀನು ಹೋಗಿ ಬಾ. ಅಲ್ಲಿ ಯಾರಾದರೂ “ನಿನ್ನ ದೇವರು ಯಾರು?” ಎಂದು ಕೇಳಿದರೆ ಬಾಯಿಪಾಠವನ್ನು ಒಪ್ಪಿಸದೆ ಒಂದು ಕ್ಷಣ ಸುಮ್ಮನಿರು. ಆ ಸುಮ್ಮನಿದ್ದ ಕ್ಷಣದಲ್ಲಿ ನಿನಗೆ ಏನು ಹೊಳೆಯುವದೋ ಅದನ್ನು ಮರಳಿ ಬಂದು ನಮಗೂ ಹೇಳು. ಕೇಳುವದಕ್ಕೆ ನಾವು ಈ ಪಡಸಾಲೆಯಲ್ಲಿಯೇ ಇರುವೆವು.