ತೋಳದ ಮೇಲಿನ ಸುಳ್ಳು ದೂರು

ಎಕ್ಕಂಬಿ ಕ್ರಾಸಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುವವರನ್ನು ಬಂಕಾಪುರದಲ್ಲಿ ಏನಿದೆ ಎಂದು ಕೇಳಿ ನೋಡಿ. ಕೋಟೆ, ನವಿಲು ಎನ್ನುತ್ತಾರೆ. ಅದು ಹಾವೇರಿ ಜಿಲ್ಲೆಯ ಬಂಕಾಪುರ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನಲ್ಲಿ ಇನ್ನೊಂದಿದೆ. ಅಲ್ಲಿ 332 ಎಕರೆಯ ತೋಳಧಾಮವಿದೆ. 2025ರ ಮೇ ತಿಂಗಳಲ್ಲಿ ಅಲ್ಲಿ ಎಂಟು ಮರಿಗಳು ಹುಟ್ಟಿದ ಸುದ್ದಿ ಬಂತು.

ನಾವು ಮಲೆನಾಡಿನವರು. ಮರವಿದ್ದರೆ ಮಾತ್ರ ನಮಗೆ ಕಾಡು. ಕುರುಚಲು ಗಿಡ, ಕಲ್ಲುಗುಡ್ಡ, ಒಣಹುಲ್ಲು ಕಂಡರೆ ಮೂಗು ಮುರಿಯುತ್ತೇವೆ. ಸರಕಾರದ ಕಡತವೂ ಅದನ್ನು ಪಾಳುಭೂಮಿ ಎನ್ನುತ್ತದೆ. ಪಾಳು ಎಂದ ಮೇಲೆ ಯಾರಿಗಾದರೂ ಕೊಡಬಹುದಲ್ಲ! ಕಾರ್ಖಾನೆಗೆ, ಸೋಲಾರ್ ಹಲಗೆಗೆ, ನೀಲಗಿರಿ ನೆಡುವವರಿಗೆ. ಹುಲಿಯ ಕಾಡಿಗೆ ಕೈಹಾಕಿದರೆ ಗದ್ದಲವೇಳುತ್ತದೆ. ತೋಳವೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇದೆ, ಆದರೆ ಅದರ ಮನೆ ಮಾರಿದರೆ ಕೇಳುವವರಿಲ್ಲ.

ಏಕೆ? ತೋಳಕ್ಕೆ ಹೆಸರು ಕೆಟ್ಟಿದೆ. ಶಾಲೆಯ ಕತೆಯಲ್ಲಿ ಸುಳ್ಳು ಹೇಳಿದ್ದು ಕುರಿ ಕಾಯುವ ಹುಡುಗ, ಮನಸ್ಸಿನಲ್ಲಿ ಉಳಿದ ದುಷ್ಟ ಮಾತ್ರ ತೋಳ. ಯೂಸುಫರ ವೃತ್ತಾಂತ ಬಲ್ಲವರಿಗೆ ಇನ್ನೂ ಚೆನ್ನಾಗಿ ಗೊತ್ತು. ತಮ್ಮನನ್ನು ಬಾವಿಗೆ ತಳ್ಳಿದವರು ಅಣ್ಣಂದಿರು, ಅಂಗಿಗೆ ಸುಳ್ಳು ರಕ್ತ ಹಚ್ಚಿದವರೂ ಅವರೇ. ದೂರು ತೋಳದ ಮೇಲೆ! ತಂದೆ ಯಾಕೂಬರು ಆ ಮಾತನ್ನು ನಂಬಲಿಲ್ಲ. ನಾವು ನಂಬುತ್ತಲೇ ಇದ್ದೇವೆ.

ಬಹರೈಚ್‌ನಲ್ಲಿ 2024ರಲ್ಲಿ ಮಕ್ಕಳು ಸತ್ತರು, ನಿಜ. ಆ ತಾಯಂದಿರ ಮುಂದೆ ನಿಂತು ತೋಳ ಸಾಧು ಪ್ರಾಣಿ ಎನ್ನುವ ಧೈರ್ಯ ನನಗಿಲ್ಲ. ಆದರೆ ಅಲ್ಲಿನ ಘಟನೆಗೆ ಇಲ್ಲಿನ ಗುಹೆಯ ಬಾಯಿಗೆ ಹೊಗೆ ಹಾಕಿ ಮರಿ ಕೊಲ್ಲುವುದು ಯಾವ ನ್ಯಾಯ?

ಹಾಗೆಂದು ಕೊಪ್ಪಳದ ಧಾಮವನ್ನು ನೋಡಿ ಹಿಗ್ಗಿ ಬರುವ ಪ್ರವಾಸಿ ಪ್ರೇಮವೂ ನನಗೆ ಹಿಡಿಸುವುದಿಲ್ಲ. 332 ಎಕರೆ ಎಂದರೆ ಒಂದೂವರೆ ಚದರ ಕಿಲೋಮೀಟರೂ ಇಲ್ಲ. ತೋಳದ ಒಂದು ಗುಂಪು ಅಲೆಯುವುದು ನೂರಾರು ಚದರ ಕಿಲೋಮೀಟರ್. ಬೇಲಿ ದಾಟಿದೊಡನೆ ಅದು ಕುರುಬರ ಹಟ್ಟಿಯ ಅತಿಥಿ. ಅದರ ಹೊಟ್ಟೆ ಬಹುಮಟ್ಟಿಗೆ ತುಂಬುತ್ತಿರುವುದು ಅವರ ಕುರಿಯಿಂದ. ಅಂದರೆ ಕರ್ನಾಟಕದಲ್ಲಿ ತೋಳವನ್ನು ಸಾಕುತ್ತಿರುವವನು ಇಲಾಖೆಯಲ್ಲ, ಕಂಬಳಿ ಹೊದ್ದ ಬಡ ಕುರಿಗಾಹಿ. ಅವನ ಹಿಂಡು ಈ ಹೊಲದಿಂದ ಆ ಹೊಲಕ್ಕೆ, ಈ ತಾಲೂಕಿನಿಂದ ಆ ತಾಲೂಕಿಗೆ ಹೋಗುತ್ತಿರುತ್ತದೆ. ಸತ್ತ ಕುರಿಯನ್ನು ಹಾಗೇ ಬಿಟ್ಟು, ಸಾಹೇಬರ ಪಂಚನಾಮೆಗಾಗಿ ಅವನು ಎಷ್ಟು ದಿನ ಕಾಯಬೇಕು? ಉಳಿದ ಕುರಿಗಳಿಗೆ ಯಾರು ಮೇವು ಕೊಡುತ್ತಾರೆ? ಧಾಮದ ಹೆಸರಿನಲ್ಲಿ ಅವನ ಹುಲ್ಲುಗಾವಲಿಗೂ ಬೇಲಿ ಹಾಕಿದರೆ ತೋಳದ ಕೊನೆಯ ಗೆಳೆಯನನ್ನೂ ವೈರಿ ಮಾಡಿದಂತೆ. ಪರಿಹಾರದ ಹಣ ಹಿಂಡು ತಂಗಿದ ಹೊಲಕ್ಕೇ, ಅದೇ ವಾರದಲ್ಲಿ ಬರಲಿ. ಪ್ರವಾಸಿಗಳ ಜೀಪಿನ ಮಾತನ್ನು ಆಮೇಲೆ ನೋಡೋಣ.