ನೀರಿಗಿ ಹೋಗೋರು ನಾವು, ಈಸ ಕಲಿಯೋರು ಅವ್ರು

ಅಕ್ಕಗೋಳೇ, ಒಂದ್ ಲೆಕ್ಕ ಹಾಕ್ರಿ. ಮಾಂಜ್ರಾ ದಂಡಿಗಿ ಬಟ್ಟಿ ಒಗಿಲಾಕ್ ಹೋಗೋರು ಯಾರು? ನಾವು. ಬಾವಿ ನೀರ್ ಸೇದೋರು ಯಾರು? ಅದೂ ನಾವೇ. ಆದ್ರ ಬ್ಯಾಸಗಿ ಬಂತಂದ್ರ ನಡಕ್ಕ ಖಾಲಿ ಡಬ್ಬಿ ಕಟ್ಟಿ, ಬಾವ್ಯಾಗ ಇಳಿಸಿ ಈಸ ಕಲಿಸೋದು ಯಾರಿಗಿ? ಪೋರಗೋಳಿಗಿ. ಪೋರಿ ಕಟ್ಟಿ ಮ್ಯಾಲ ಕುಂತು ಅಣ್ಣನ ಅಂಗಿ ಕಾಯಬೇಕು. ಔರಾದ ಇರ್ಲಿ, ಭಾಲ್ಕಿ ಇರ್ಲಿ, ಬೀದರ ಪ್ಯಾಟಿ ಇರ್ಲಿ, ಈ ವಿಷಯದಾಗ ಎಲ್ಲಾರದೂ ಒಂದೇ ಮಾತು. ಇದು ರಿವಾಜಲ್ಲ, ಅನ್ಯಾಯ ಅಂತ ನಾ ಅಂತೀನಿ.

2024ರಾಗ ಬೆಂಗಳೂರಿನ ಧಿನಿಧಿ ದೇಸಿಂಗು ಪ್ಯಾರಿಸ್ ಒಲಿಂಪಿಕ್ಸಿಗಿ ಹೋದಾಗ ನಾವೆಲ್ಲಾ ಫೋಟೋ ಫಾರ್ವರ್ಡ್ ಮಾಡಿದ್ದೇ ಮಾಡಿದ್ದು. 14 ವರ್ಷದ ಪೋರಿ, ಭಾರತದ ತಂಡದಾಗ ಎಲ್ಲಾರಕಿಂತ ಸಣ್ಣಾಕಿ. 200 ಮೀಟರ್ ಫ್ರೀಸ್ಟೈಲ್ 2 ನಿಮಿಷ 6.96 ಸೆಕೆಂಡಿನಾಗ ಈಸಿ ತನ್ನ ಗುಂಪಿನಾಗ ಮೊದಲು ಬಂದಳು, ಒಟ್ಟಿನಾಗ 23ನೇ ಸ್ಥಾನ. ಸಣ್ಣಾಕಿದ್ದಾಗ ಆಕಿಗೂ ನೀರಂದ್ರ ಆಗ್ತಿರಲಿಲ್ಲ. ಅವ್ವ-ಅಪ್ಪ ಬೆನ್ನಿಗಿ ನಿಂತರು, ಆಕಿ ಅಲ್ಲಿತನಕ ಮುಟ್ಟಿದಳು. ಆ ಫೋಟೋಕ್ಕ ಹೂವಿನ ಚಿತ್ರ ಹಾಕಿದ ಕೈನೇ, ಮನಿ ಪೋರಿ "ನಾನೂ ಈಸ ಕಲೀತೀನಿ" ಅಂದ್ರ ಬೆನ್ನಿಗಿ ಬೀಳ್ತದ.

"200 ಮೀಟರ್ ಬ್ಯಾರೆ ಮಾತು, ದೂರ ಈಸಲಾಕ್ ಹೆಣ್ಣಿಗಿ ದಮ್ ಎಲ್ಲಿಂದ ಬರ್ಬೇಕು" ಅಂತಾರ. ಈ ಮಾತು ನಮ್ಮೂರ ಕಟ್ಟಿ ಮ್ಯಾಲಿಂದಷ್ಟೇ ಅಲ್ಲ. ಒಲಿಂಪಿಕ್ಸಿನಾಗ ಗಂಡಸರಿಗಿ 1500 ಮೀಟರ್ ಈಜು 1908ರಿಂದ ಅದ. ಹೆಂಗಸರಿಗಿ ಸಿಕ್ಕಿದ್ದು 2021ರಾಗ, ಟೋಕಿಯೋದಾಗ! ಆದ್ರ ಅದಕ್ಕಿಂತ ಎಷ್ಟೋ ಮೊದಲು, 1959ರ ಸೆಪ್ಟೆಂಬರ್ 29ಕ್ಕ, ಕಲ್ಕತ್ತಾದ 19 ವರ್ಷದ ಆರತಿ ಸಾಹಾ ಇಂಗ್ಲಿಷ್ ಕಾಲುವಿ ಈಸಿ ದಾಟಿದಳು. 42 ಮೈಲು, 16 ತಾಸು 20 ನಿಮಿಷ. ಬೀದರದಿಂದ ಭಾಲ್ಕಿ ದಾಟಿ ಮುಂದ ಹೋಗೋವಷ್ಟು ದೂರ, ಅದೂ ತಣ್ಣಗಿನ ಸಮುದ್ರದಾಗ. ಏಷ್ಯಾದ ಹೆಂಗಸರಾಗ ಆಕಿನೇ ಮೊದಲು. ಅದರ ಹಿಂದಿನ ತಿಂಗಳು ಒಮ್ಮೆ ಸೋತಿದ್ದಳು, ಮತ್ತ ಇಳಿದಳು. ಎಳೀ ವಯಸ್ಸಿನಾಗೇ ಅವ್ವನ್ನ ಕಳಕೊಂಡ ಆಕಿನ್ನ ಸಾಕಿದ್ದು ಅಜ್ಜಿ. ಅಜ್ಜಿಗೋಳೇ, ಕೇಳ್ಸಕೊಂಡ್ರೇನು?

ಇನ್ನ ನಮ್ಮ ನೆಪಗೋಳು. "ಪೋರಿ ಕರ್ರಗ ಆತಾಳ." ಬಿಸಿಲಾಗ ತೊಗರಿ ಕೊಯ್ಲಾಕ್ ಕಳಿಸುವಾಗ ಬಣ್ಣ ಯಾರಿಗಿ ನೆನಪಾತದ? "ಬಟ್ಟಿದು ನಾಚಿಕಿ." ಮೈ ತುಂಬ ಮುಚ್ಚೋ ಈಜು ಬಟ್ಟಿ ಅಂಗಡ್ಯಾಗ ಸಿಗ್ತಾವ. "ನಾಳಿ ಲಗ್ನ ಆಗಬೇಕು." ಕಾಲು ಜಾರಿದಾಕಿಗಿ ನೀರು "ನಿಂದು ಲಗ್ನ ಆಗ್ಯಾದೇನವಾ" ಅಂತ ಕೇಳಿ ಬಿಡಲ್ಲ.

ಎಲ್ಲಾ ಪೋರಿಗೋಳೂ ಪ್ಯಾರಿಸಿಗಿ ಹೋಗಬೇಕಂತ ನಾ ಹೇಳಂಗಿಲ್ಲ. ಮುಳುಗದಂಗ ದಂಡಿ ಮುಟ್ಟೋದು ಮೊದಲು ಬರ್ಲಿ. ಅದು ಬಂದವರಾಗೇ ಯಾರೋ ಒಬ್ಬಾಕಿ ಮುಂದ ಹೋತಾಳ. ಈಜುಕೊಳ ಇದ್ದಲ್ಲಿ ಹತ್ತು ಮಂದಿ ಕೂಡಿ ಹೋಗಿ, ಹೆಂಗಸರಿಗಂತ ದಿನಕ್ಕ ಒಂದು ತಾಸು ಮತ್ತ ಕಲಿಸಲಾಕ್ ಹೆಣ್ಮಗಳು ಬೇಕು ಅಂತ ಕೇಳಮು. ಬಾವಿ ಇದ್ದಲ್ಲಿ ಹಗ್ಗ ಕಟ್ಟಿ, ಚಂದಾಗಿ ಈಸ ಬರೋರು ನೀರಾಗ ನಿಂತು ಕಲಿಸ್ಲಿ, ಒಬ್ಬಾಕಿನ್ನೇ ಬಿಡಬ್ಯಾಡ್ರಿ. ಈ ಬ್ಯಾಸಗ್ಯಾಗ ಮೊದಲು ಪೋರಿ ಇಳೀಲಿ. ಅಂಗಿ ಅಣ್ಣ ಕಾಯ್ಲಿ.